ನ್ಯೂ

ತುಟಿ 'ಊ' ಎನ್ನಲು ಹೊರಟಿರಬೇಕು,
ಒಳಗೆ ನಾಲಿಗೆ ಕದ್ದು 'ಈ' ಎನ್ನಬೇಕು;
ಆಗ ಹೊರಡುತ್ತದೆ ನಮ್ಮ ಹಂಗೇರಿ ಬಯಲಿನ ಮಾತು: ನ್ಯೂ.
ನೊಣದ ಮರಿ.
ಅನ್ನದ ಅಗುಳು ತೆವಳಲು ಕಲಿತ ಹಾಗೆ.

ಆಗಸ್ಟಿನಲ್ಲಿ ಕುರಿಯೊಂದು ಹಿಂಡು ಬಿಟ್ಟು
ಬೇಲಿಗೆ ಹಿಂಬದಿ ಉಜ್ಜುತ್ತ ನಿಂತರೆ
ಅಜ್ಜ ವೆಂಡೆಲ್ ದೂರದಿಂದಲೇ ಅಂದುಬಿಡುತ್ತಿದ್ದ:
"ನ್ಯೂ ಬಿದ್ದಿದೆ."
ಮಂಡಿಗಳ ನಡುವೆ ಅದನ್ನು ಕೆಡವಿಕೊಂಡು,
ಉಣ್ಣೆ ಬಿಡಿಸಿ, ಅಗಿದ ತಂಬಾಕಿನ ರಸ ಗಾಯಕ್ಕೆ ಉಗಿದು,
ಹೆಬ್ಬಾತಿನ ಗರಿಯ ತುದಿಯಿಂದ ಒಂದೊಂದೇ ಹೆಕ್ಕುತ್ತಿದ್ದ.
ಡಬ್ಬಿ ಹಿಡಿಯುವುದು, ಎಣಿಸುವುದು ನನ್ನ ಪಾಲು.
ಅರವತ್ತಮೂರಕ್ಕೆ ನನಗೆ ವಾಂತಿ ಬಂತು.
"ಸತ್ತ ಮಾಂಸವನ್ನಷ್ಟೇ ತಿನ್ನುತ್ತವಂತೆ," ಅಂದೆ,
ಬಾಯಿ ಒರೆಸಿಕೊಳ್ಳುತ್ತ, ಶಾಲೆಯಲ್ಲಿ ಕಲಿತದ್ದನ್ನು.
"ಅದನ್ನು ಈ ಕುರಿಗೆ ಹೇಳು," ಅಂದ.

ಹೊಸ್ತಿಲು ದಾಟಿ ಒಳಗೆ ಬಂದರೆ ಅದೇ ಮಾತು ಕ್ರಿಯಾಪದ.
ಕೋಟಿನ ಮೊಣಕೈ ಜರಡಿಯಾದರೆ,
ಬೂಟಿನ ಹಿಮ್ಮಡಿ ಒಂದೇ ಬದಿಗೆ ಕರಗಿದರೆ,
ಅಜ್ಜಿ ಎಟೆಲ್ಕಾ ದೀಪಕ್ಕೆ ಹಿಡಿದು ನೋಡಿ
"ಇದನ್ನೂ ನ್ಯೂ ಮಾಡಿದೆಯಲ್ಲ" ಅನ್ನುವಳು.
ಸವೆಸಿದೆಯಲ್ಲ, ಎಳೆದೆಳೆದು ಹಿಂಜಿದೆಯಲ್ಲ.
ಒಂದೇ ಪ್ರಶ್ನೆ ಏಳು ಸಲ ಕೇಳಿದರೂ ಅದೇ:
"ನನ್ನ ನರ ನ್ಯೂ ಮಾಡಬೇಡ."

ತಂಗಿಯ ಮದುವೆಗೆ ಕರೆದದ್ದು ಎಂಬತ್ತು, ಬಂದದ್ದು ಇನ್ನೂರು.
"ನ್ಯೂ ಮುಸುರಿದ ಹಾಗೆ ಜನ," ಅಂದಳು ಅಜ್ಜಿ,
ಬೇಸರದಿಂದಲ್ಲ,
ಸೂಪಿನ ಹಂಡೆಯ ತಳ ಕಂಡ ಹೆಮ್ಮೆಯಿಂದ.

ತಿಸಾ ನದಿಯ ದಂಡೆಯಲ್ಲಿ ಅದಕ್ಕೆ ಹೆಸರೇ ಬೇರೆ.
ಗಾಳದವರು 'ಚೋಂತಿ' ಅನ್ನುತ್ತಾರೆ, ಎಲುಬಿನ ಹುಳ.
ಅಂಗಡಿಯ ಫ್ರಿಜ್ಜಿನಲ್ಲಿ ಮರದ ಹೊಟ್ಟು ಹೊದ್ದು ಮಲಗಿರುತ್ತದೆ,
ಕೆಂಪು ಬಣ್ಣ ಹಾಕಿದ್ದಕ್ಕೆ ಬೆಲೆ ಜಾಸ್ತಿ.
ಮಾವ ಬೋಲ್ಡಿಝಾರ್ ಡಿಸೆಂಬರಿನಲ್ಲಿ
ನಾಲ್ಕು ಚೋಂತಿಗಳನ್ನು ಕೆಳತುಟಿಯೊಳಗೆ ಬೆಚ್ಚಗಿಟ್ಟುಕೊಳ್ಳುತ್ತಾನೆ.
ಅತ್ತೆಗೆ ಅವನು ಎದುರು ಮಾತಾಡದ ತಿಂಗಳು ಅದೊಂದೇ.

ನಾನೀಗ ಕಾರ್ತ್ಸಾಗ್ ಪುರಸಭೆಯಲ್ಲಿ ಫೋನ್ ಎತ್ತುವವಳು.
ಇಮೇಲ್ ವಿಳಾಸ ಓದಿ ಹೇಳುವುದೇ ಅರ್ಧ ದಿನ.
ಹೆಸರಿಗೂ ಊರಿಗೂ ನಡುವೆ
ಬಾಲ ಸುತ್ತಿಕೊಂಡು ಮಲಗಿದ ಆ ಚಿಹ್ನೆಗೆ
ನಮ್ಮವರು 'ಕುಕಾಟ್ಸ್' ಅನ್ನುತ್ತಾರೆ. ಅದೂ ಹುಳವೇ,
ಚೆರ್ರಿ ಹಣ್ಣಿನೊಳಗಿನದು; ಅದರ ತಾಯಿಯೂ ನೊಣವೇ.
ಎಲ್ಲದರಲ್ಲೂ ಹುಳುಕು ಹುಡುಕುವ ನನ್ನ ಮೇಲಧಿಕಾರಿಯ
ಗುಣಕ್ಕೂ ಅದರಿಂದಲೇ ಹೆಸರು.
"ವಿಲ್ಮಾ, ಹುಳ, ಕಾರ್ತ್ಸಾಗ್," ಅನ್ನುತ್ತೇನೆ.
ಆ ಕಡೆ ಬರೆದುಕೊಳ್ಳುತ್ತಾರೆ. ಯಾರೂ ನಗುವುದಿಲ್ಲ.

ಶಾಲೆಯ ಮೇಷ್ಟರು ಹೇಳಿದ್ದರು:
ಹುಳದ ನ್ಯೂ, ಸವೆಸುವ ನ್ಯೂ ಬೇರೆ ಬೇರೆ ಬೇರಿನವು,
ಯಾವುದೋ ಸಂತೆಯಲ್ಲಿ ಎದುರಾಗಿ
ಒಂದೇ ಬಣ್ಣದ ಟೋಪಿ ಕೊಂಡವು, ಅಷ್ಟೆ.
ಅಜ್ಜಿ ಸೂಜಿಗೆ ದಾರ ಪೋಣಿಸುತ್ತ ಕೇಳಿಸಿಕೊಂಡಳು.
"ಆ ಮನುಷ್ಯ ಯಾವತ್ತೂ
ಒಂದು ಕೋಟು ಪೂರ್ತಿ ಹಾಕಿ ಮುಗಿಸಿದವನಲ್ಲ."

ಅಜ್ಜ ಸತ್ತ ದಿನ
ಮಾವ ಪೇಟೆಯಿಂದ ಹೊಸ ಬೂಟು ತಂದ.
ಡಬ್ಬಿಯ ಮೇಲೆ ಇಂಗ್ಲಿಷಿನ ಚೀಟಿ: ನ್ಯೂ.
ಅಜ್ಜಿ ಅಕ್ಷರ ಕೂಡಿಸಿ ಓದಿದಳು, ಹುಬ್ಬು ಗಂಟಿಕ್ಕಿತು.
"ಕಾಲಿಗೇ ಹಾಕಿಲ್ಲ, ಆಗಲೇ ಸವೆದಿದೆಯೇ?"
ಅವತ್ತು ನಮ್ಮ ಮನೆಯಲ್ಲಿ ಎಲ್ಲರೂ ನಕ್ಕದ್ದು ಅದೊಂದು ಸಲ;
ಆಮೇಲೆ ಅವಳು ಹಳೆಯ ಜೋಡಿಯನ್ನೇ ತೊಡಿಸಿದಳು.
"ಹೊಸದನ್ನು ಪಳಗಿಸಲು
ಅಲ್ಲಿ ಅವನಿಗೆ ನಡೆಯಲು ಜಾಗವೆಲ್ಲಿ?"

ಮಣ್ಣಿನ ಕೆಳಗೆ ಈಗ ನಡೆದಿರುವುದು
ನಾಮಪದವೋ ಕ್ರಿಯಾಪದವೋ,
ನಾನು ಕೇಳಲು ಹೋಗಿಲ್ಲ.

ಹೊಸ ಬೂಟು ನನ್ನ ಬಳಿ ಇದೆ, ಎರಡು ಸೈಜು ದೊಡ್ಡದು.
ಎರಡು ಜೊತೆ ಕಾಲುಚೀಲ ಹಾಕಿ
ಕೆಲಸಕ್ಕೆ, ಡೇರಿಗೆ, ನಿಲ್ದಾಣಕ್ಕೆ ನಡೆಯುತ್ತೇನೆ.
ಎಡ ಹಿಮ್ಮಡಿ ಹೊರಬದಿಗೆ ಕರಗತೊಡಗಿದೆ,
ಅವನದೂ ಅಲ್ಲೇ ಕರಗುತ್ತಿತ್ತು.