ಸುಮ್ಮನಿರುವ ಪಾಠ

ಬಲ್ಮಠದಲ್ಲಿ ಕನ್ನಡಕದಂಗಡಿಯ ಮೇಲೆ, ಮೂರನೆಯ ಮಾಳಿಗೆ.
ಲಿಫ್ಟಿನ ಗುಂಡಿಗಳಲ್ಲಿ ಮೂರು ಅಳಿಸಿಹೋಗಿದೆ,
ಅಳಿಸಿದ್ದೇ ಮೂರು ಎಂದು ಎಲ್ಲರಿಗೂ ಗೊತ್ತು.
ಮೊದಲ ದಿನ ಇದನ್ನು ಹೇಳಿದಾಗ ಶಹನಾಝ್ ಮೇಡಂ
ಬೋರ್ಡಿನ ಮೂಲೆಯಲ್ಲಿ ಬರೆದುಕೊಂಡರು.
ಅವರಿಗೆ ಪ್ರಾಯ ಇಪ್ಪತ್ತಾರು.
ನನಗೆ ಸರ್ವಿಸೇ ಹದಿನೇಳು ವರ್ಷ.

ನಾನು ದೇಜಪ್ಪ ಕರ್ಕೇರ, ಕುಲಶೇಖರ–ಸ್ಟೇಟ್‌ಬ್ಯಾಂಕ್ ಬಸ್ಸಿನ ಕಂಡಕ್ಟರ್.
ಟಿಕೆಟ್ಟಿನ ಹೊಸ ಮೆಷಿನ್ನಿನಲ್ಲಿ ಯಾರೋ
'ಮುದ್ರಿಸು' ಪಕ್ಕದಲ್ಲೇ 'ರದ್ದು' ಇಟ್ಟಿದ್ದರು, ಒಂದೇ ಬಣ್ಣ, ಒಂದೇ ಅಳತೆ.
ನಂತೂರಿನ ತಿರುವಿನಲ್ಲಿ ಒಂದು ಕೈ ಕಂಬಕ್ಕೆ,
ಇನ್ನೊಂದು ಕೈಯ ಹೆಬ್ಬೆರಳು ಎಲ್ಲಿಗೆ ಹೋಗಬೇಕು ಹೇಳಿ?
ಮೊದಲ ತಿಂಗಳು ಸಂಬಳದಲ್ಲಿ ನಾನೂರ ಹತ್ತು ರೂಪಾಯಿ ಕಟ್.
ಆ ಗುಂಡಿಯನ್ನು ಅಲ್ಲಿಟ್ಟವ ಕಲಿತದ್ದೆಲ್ಲಿ ಎಂದು ನೋಡುವ ಹಟಕ್ಕೆ
ಫೀಸು ಕಟ್ಟಿದೆ, ಮೂರು ಕಂತಿನಲ್ಲಿ.

ಕೈ ನೋಡಿದರೆ ಇಳಿಯುವ ಜಾಗ ಹೇಳಬಲ್ಲೆ.
ಎಕ್ಸ್‌ರೇ ಲಕೋಟೆ ಹಿಡಿದ ಕೈ ಆಸ್ಪತ್ರೆಗೆ,
ಚಿಲ್ಲರೆಯನ್ನು ಎಣಿಸಿಟ್ಟ ಮುಷ್ಟಿ ಜ್ಯೋತಿಗೆ,
ನಿದ್ದೆಹೋದ ಕಾಲೇಜು ಹುಡುಗನ ಭುಜವನ್ನು
ಮಲ್ಲಿಕಟ್ಟೆ ದಾಟುವ ಮೊದಲು ತಟ್ಟಬೇಕು.
ಇದಕ್ಕೆಲ್ಲ ದೊಡ್ಡ ದೊಡ್ಡ ಹೆಸರುಗಳು ಉಂಟಂತೆ.
ಹಳದಿ ಚೀಟಿಗಳಲ್ಲಿ ಬರೆದು ಗೋಡೆಗೆ ಅಂಟಿಸಿದೆವು.
ಸೆಕೆ ಎಂದು ಯಾರೋ ಫ್ಯಾನ್ ಹಾಕಿದರು,
ಅರ್ಧ ಮಂಗಳೂರು ಹಾರಿ ನೆಲಕ್ಕೆ ಬಿತ್ತು.

ಕಡೆಯ ಕೆಲಸ: ಬಸ್ಸಿನ ಆ್ಯಪ್ ಒಂದನ್ನು ಕಾಗದದಲ್ಲಿ ಬರೆದು
ಐದು ಜನರ ಕೈಗೆ ಕೊಡುವುದು.
ಅವರು ತಡವರಿಸಿದರೆ ಬಾಯಿ ಬಿಡಬಾರದು,
ಬೆರಳು ತೋರಿಸಬಾರದು,
ಉತ್ತರ ಮುಖದಲ್ಲೂ ಕಾಣಬಾರದು.
'ಮೇಡಂ, ಈ ಬಾಯಿಯಿಂದಲೇ ನನ್ನ ಅನ್ನ' ಎಂದೆ.
'ಹಾಗಾದರೆ ನಿಮಗೇ ಕಷ್ಟ' ಎಂದರು, ನಗಲಿಲ್ಲ.

ನಾಲ್ಕು ಜನ ಬೇಗ ಮುಗಿಸಿದರು. ಮೊಬೈಲು ತಿಕ್ಕಿ ಅಭ್ಯಾಸವಾದವರು.

ಐದನೆಯವರು ಕಾರ್ಮಿನ್ ಬಾಯಿ,
ಕಂಕನಾಡಿ ಮಾರ್ಕೆಟಿನ ಮೆಟ್ಟಿಲಲ್ಲಿ
ಬಸಳೆಯ ಕಟ್ಟಿಗೆ ನೀರು ಚಿಮುಕಿಸುತ್ತಿದ್ದರು.
ಒದ್ದೆ ಬೆರಳಲ್ಲೇ ಕಾಗದ ಹಿಡಿದರು, ದೂರ, ಮತ್ತೂ ದೂರ.
ಅಕ್ಷರ ಕೂಡಿಸಿ ಮೆಲ್ಲಗೆ ಓದಿದರು: 'ಎಲ್ಲಿಗೆ?'
ಕಾಗದಕ್ಕೇ ಉತ್ತರ ಕೊಟ್ಟರು:
'ಮನೆಗೆ.'

ನನ್ನ ಪಟ್ಟಿಯಲ್ಲಿ ಇಪ್ಪತ್ತೊಂದು ನಿಲ್ದಾಣ.
ಅದೊಂದು ಇರಲಿಲ್ಲ.

ಗಡಿಯಾರ ಓಡುತ್ತಿತ್ತು. ಬೆರಳು ಕೆಳಗಿಳಿಯಿತು, ಮೇಲೆ ಹತ್ತಿತು,
ನಾನು ಸ್ಕೆಚ್ ಪೆನ್ನಲ್ಲಿ ಬರೆದ ನೀಲಿ ಬಟನ್ ಕದಡಿ
ಪಡೀಲಿನ ಮೇಲೆ ಹರಿಯಿತು.
ಆಮೇಲೆ ಅವರು ನನ್ನ ಮುಖ ನೋಡಿದರು.
ಹದಿನೇಳು ವರ್ಷದಲ್ಲಿ ಆ ನೋಟ ಒಮ್ಮೆಯೂ
ಉತ್ತರವಿಲ್ಲದೆ ಹಿಂದೆ ಹೋದದ್ದಿಲ್ಲ.
ನಾನು ಬಸಳೆ ನೋಡಿದೆ. ದಂಟು ಕೆಂಪು, ಎಲೆ ದಪ್ಪ.
ಬಾಯೊಳಗೆ ಒಂದು ವಿಸಿಲ್ ಸಿಕ್ಕಿಕೊಂಡಿತ್ತು.
ಒಂದು ನಿಮಿಷ ನಲವತ್ತು ಸೆಕೆಂಡು.

'ನಂಗೆ ಇದೆಲ್ಲ ಗೊತ್ತಾಗುದಿಲ್ಲ ಮಗಾ, ತಪ್ಪು ನಂದೇ'
ಎಂದು ಕಾಗದವನ್ನು ನಾಲ್ಕು ಮಡಚಿ,
ಹೆಚ್ಚು ಬಂದ ಚಿಲ್ಲರೆ ತಿರುಗಿ ಕೊಡುವ ಹಾಗೆ,
ನನ್ನ ಅಂಗೈಯಲ್ಲಿಟ್ಟರು. ಕಾಗದ ಬೆಚ್ಚಗಿತ್ತು.

ವರದಿಯಲ್ಲಿ 'ತಪ್ಪು ಯಾರದು' ಎಂಬ ಅಂಕಣವಿರಲಿಲ್ಲ.
ಗೆರೆ ಎಳೆದು ನಾನೇ ಸೇರಿಸಿದೆ,
ನನ್ನ ಹೆಸರು ಬರೆದೆ.
ಮೇಡಂ ಅದನ್ನು ತುಂಬ ಹೊತ್ತು ನೋಡಿ ಪಾಸು ಮಾಡಿದರು.

ಸರ್ಟಿಫಿಕೇಟು ಫೋನಿಗೆ ಬಂತು. ಚಿನ್ನದ ಬಣ್ಣದ ಅಂಚು,
ನಡುವೆ ನನ್ನ ಹೆಸರು: ದೇಜಪ್ಪ ಕರ್.
ಅರ್ಜಿಯ ಡಬ್ಬಿಯಲ್ಲಿ ಅಷ್ಟೇ ಜಾಗವಿತ್ತಂತೆ.
ನಗು ಬಂತು. ಹೆಂಡತಿಗೆ ಸಿಟ್ಟು ಬಂತು:
ದುಡ್ಡು ಮಾತ್ರ ಪೂರ್ತಿ ತೆಗೆದುಕೊಂಡರಲ್ಲ!

ಮರುದಿನದ ಮೊದಲ ಟ್ರಿಪ್ಪು.
ಕುಲಶೇಖರದಲ್ಲಿ ಬಸಳೆಯ ಕಟ್ಟು ಮೊದಲು ಹತ್ತಿತು,
ಹಿಂದಿನಿಂದ ಕಾರ್ಮಿನ್ ಬಾಯಿ.
'ಎಲ್ಲಿಗೆ ಬಾಯಮ್ಮಾ?' ಎಂದು ಕೇಳಿದೆ.
ಅವರು ನನ್ನನ್ನು ಕಾಲಿಂದ ತಲೆವರೆಗೆ ನೋಡಿದರು.
'ಎಂಥ ಮಾರಾಯ, ಜ್ವರವಾ ನಿಂಗೆ?'
ಹಿಂದಿನ ಸೀಟಿನವರೆಲ್ಲ ನಕ್ಕರು.

'ರದ್ದು' ಇನ್ನೂ ಅಲ್ಲೇ ಉಂಟು, 'ಮುದ್ರಿಸು' ಪಕ್ಕದಲ್ಲಿ.
ಹೆಬ್ಬೆರಳನ್ನು ಸ್ವಲ್ಪ ಓರೆ ಮಾಡಿ ಒತ್ತಿದೆ.
ಕಂಕನಾಡಿ, ಒಂದು.