ದಾಖಲೆ: ಕೇಳಿಸಲಿಲ್ಲ

ನಕೂರು ಕೋರ್ಟಿನ ಮೂರನೇ ಕೋಣೆಯಲ್ಲಿ
ಹನ್ನೊಂದು ವರ್ಷದಿಂದ ಬೆರಳಚ್ಚು ನನ್ನ ಕೆಲಸ.
ಯಾರು ಏನಂದರೂ ಅಂದ ಹಾಗೇ ಹೊಡೆಯಬೇಕು.
ಕೆಮ್ಮನ್ನು ಬಿಡಬಹುದು,
ಸುಳ್ಳನ್ನು ಬಿಡುವ ಹಾಗಿಲ್ಲ.

ಇವತ್ತು ಮೇಜಿನ ಮೇಲೆ, ಚೀಟಿ ಕಟ್ಟಿಸಿಕೊಂಡು,
ಒಂದು ರೇಡಿಯೋ. ಅರ್ಧ ಕರಗಿದ್ದು,
ಹಲ್ಲು ಹೋದ ಬಾಯಿಯ ಹಾಗೆ ಒಳಸರಿದ ಸ್ಪೀಕರು.
ನ್ಯಾಬೋಕೆಯ ಹಳೆಬಟ್ಟೆ ಅಂಗಡಿಯದು.
ಅದರಲ್ಲೇ ದಿನಾ ಈರುಳ್ಳಿ ದರ ಕೇಳುತ್ತಿದ್ದಳು,
ಅದರಲ್ಲೇ ಆ ಭಾನುವಾರ ಕೇಳಿದಳು
ಜಿಲ್ಲೆಯ ದೊರೆ ಅವಳ ಜನಕ್ಕಿಟ್ಟ ಹೆಸರು:
ಮಗೂಗು. ಅಂದರೆ ಕಳೆ.
ಕಿತ್ತರೆ ತಪ್ಪಿಲ್ಲ, ಸುಟ್ಟರೆ ಗೊಬ್ಬರ.

ದೊರೆಯ ವಕೀಲ ಎದ್ದ. ಎಣ್ಣೆ ಸವರಿದ ದನಿ.
"ನನ್ನ ಕಕ್ಷಿದಾರರು ಆಡಿದ್ದು ಬೇಸಾಯದ ಮಾತು.
ಕಡ್ಡಿ ಗೀರಿದವರು ಯಾರೋ, ಅವರ ಕೈ ಹಿಡಿಯಿರಿ.
ಎಲುಬಿಲ್ಲದ ನಾಲಿಗೆಗೆ ಕೋಳ ತೊಡಿಸುವುದು ಹೇಗೆ?"
ಕಂಪನಿಯ ವಕೀಲ ಎದ್ದ. ಹಿಂದೆ ಮೂವರು ಕಿರಿಯರು,
ನೀರಿನ ಬಾಟಲಿ ಹೊರಲು ಒಬ್ಬ.
"ನಾವು ಗಾಳಿ ಮಾರುವವರು ಮಾನ್ಯರೇ,
ಗಾಳಿಯಲ್ಲಿ ಯಾರ ಹೊಗೆ ಬಂದರೂ ನಮ್ಮ ಒಲೆಯದಲ್ಲ."

ಎರಡನ್ನೂ ಹೊಡೆದೆ. ಕಾಗುಣಿತ ತಪ್ಪದೆ.

ಆಮೇಲೆ ಒಡಿಂಡೊ, ಮೊಣಕೈ ಸವೆದ ಕೋಟಿನವ,
ಕಡತದಿಂದ ಒಂದು ರಸೀತಿ ಎಳೆದ:
ನಿಮಿಷಕ್ಕೆ ನಾಲ್ಕು ಸಾವಿರದಂತೆ ಒಂಬತ್ತು ನಿಮಿಷ,
ಮರುಪ್ರಸಾರ ಆರು ಸಲ,
ಆರನೆಯದಕ್ಕೆ ರಿಯಾಯಿತಿ.
"ಮೂರನೆಯದರ ಹೊತ್ತಿಗೇ ಪೇಟೆ ಉರಿಯುತ್ತಿತ್ತು,"
ಅಂದ. ಅಷ್ಟೇ ಅಂದು ಕೂತ.

ಮಾತು ಮನೆ ಕೆಡಿಸಿತು ಅನ್ನುವುದು
ಬರೀ ಗಾದೆ ಅಂದುಕೊಂಡಿದ್ದೆ.
ಇವತ್ತು ಅದಕ್ಕೊಂದು ಸಾಕ್ಷ್ಯದ ನಂಬರು: ಏಳು.

"ಆ ದಿನ ಕೇಳಿದ ಪದ ಯಾವುದು, ಹೇಳಮ್ಮ."
ನ್ಯಾಬೋಕೆ ಕಟಕಟೆಯ ಮರ ಹಿಡಿದಳು.
"ಹೇಳುವುದಿಲ್ಲ. ಅದು ನನ್ನದಲ್ಲ.
ಯಾರದೋ ಅವರೇ ಹೇಳಲಿ.
ನನ್ನ ಮಗುವಿಗೆ ನಾನಿಟ್ಟಿದ್ದ ಹೆಸರು ಕೆಮುಂಟೊ."

ನ್ಯಾಯಾಧೀಶೆ ಕಲೂಂಡೆ ಕನ್ನಡಕ ತೆಗೆದರು,
ಒರೆಸಿದರು, ಹಾಕಿಕೊಳ್ಳಲಿಲ್ಲ.
ಮಧ್ಯಾಹ್ನ ದೊರೆಯ ಸರದಿ.
ತಾನೇ ಬೇಡಿ ಸಾಕ್ಷಿಗೆ ನಿಂತವನು.
"ಆ ಪದ ಹೇಳಿ."
ಮೂರು ಜಿಲ್ಲೆ ಮುಟ್ಟಿದ್ದ ದನಿ
ಎಂಟಡಿ ಆಚೆಯ ನನ್ನ ಮೇಜು ಮುಟ್ಟಲಿಲ್ಲ.
ನಿಯಮದಂತೆ ಹೊಡೆದೆ: ಕೇಳಿಸಲಿಲ್ಲ.
"ಇನ್ನೊಮ್ಮೆ."
ಕೇಳಿಸಲಿಲ್ಲ.
"ಗಟ್ಟಿಯಾಗಿ ಹೇಳಿ. ರೇಡಿಯೋದಲ್ಲಿ ಹೇಳಿದ ಹಾಗೆ."
ಮೇಲೆ ಫ್ಯಾನು ಕಿರುಗುಟ್ಟಿತು. ಅದನ್ನು ಹೊಡೆಯುವಂತಿಲ್ಲ.
ಬೆರಳು ಕೀಲಿಗಳ ಮೇಲೆ ಕಾದವು, ಕಾದೇ ಇದ್ದವು.

ತೀರ್ಪು ಮುಂದಿನ ತಿಂಗಳು.
ಇನ್ನೂ ಮುಂದಕ್ಕೆ ಹೋಗಬಹುದು. ಹೋಗುತ್ತದೆ.

ಸಂಜೆಯ ಮಟಾಟುವಿನಲ್ಲಿ ಅದೇ ಸ್ಟೇಷನ್ನು,
ಕಳೆನಾಶಕದ ಜಾಹೀರಾತು, ಕುಣಿಸುವ ತಾಳ.
ಪಕ್ಕದ ಹುಡುಗ ತೊಡೆ ಬಡಿಯುತ್ತಿದ್ದ.
ತಗ್ಗಿಸು, ಅಂದೆ ಡ್ರೈವರನಿಗೆ.
ಅವನಿಗೆ ಕೇಳಿಸಲಿಲ್ಲ.
ಹನ್ನೊಂದು ವರ್ಷ ಬೇರೆಯವರ ಮಾತು ಹೊಡೆದವಳು,
ಎದ್ದು ನಿಂತು,
ಇನ್ನೊಮ್ಮೆ ಅಂದೆ.