ಏಣಿಯ ಚಿತ್ರ

ಬನ್ನಿ ಯಕುಬಣ್ಣ, ಬೇವಿನ ನೆರಳಿಗೆ ಬೆಂಚು ಎಳೆದುಕೊಳ್ಳಿ.
ಬೈಕಿನ ಹೊಗೆ ಹಳೆಯದೇ, ಕೈಯ ಯಂತ್ರ ಮಾತ್ರ ಹೊಸದು.
ಹಿಂದೆ ಕಾಗದದ ಕಟ್ಟು ತರುತ್ತಿದ್ದಿರಿ,
ಗಾಳಿಗೆ ಹಾರಿದ ಒಂದು ಹಾಳೆಯನ್ನು ಆಡು ತಿಂದಿತ್ತು, ನೆನಪಿದೆಯಾ?
ಯಾರ ಬಾಳಿನ ಯಾವ ಪುಟವೋ.

ಆಗ ನನಗೆ ಎಂಟು.
ತೋಳಿಗೆ ಪಟ್ಟಿ ಸುತ್ತಿದಿರಿ, ಗೋಡೆಗೆ ನಿಲ್ಲಿಸಿ ಎತ್ತರ ಬರೆದುಕೊಂಡಿರಿ.
ದೊಡ್ಡವಳಾಗಿ ಏನಾಗುತ್ತೀ? ನರ್ಸು ಅಂದೆ.
ನಿಜ ಹೇಳಲೇ? ಆಸ್ಪತ್ರೆಯನ್ನು ನಾನು ಕಂಡೇ ಇರಲಿಲ್ಲ.
ಚುಚ್ಚುಮದ್ದಿನ ದಿನ ಬಂದಾಕೆಯ ಬೂಟು ಅಷ್ಟು ಬೆಳ್ಳಗಿತ್ತು,
ನಮ್ಮ ಗುಶೇಗುವಿನ ಕೆಂಧೂಳು ಅದನ್ನು ಮುಟ್ಟಲು ಹೆದರಿತ್ತು.
ಆಮೇಲೆ ಏಣಿಯ ಚಿತ್ರ ತೆಗೆದಿರಿ. ಒಂಬತ್ತು ಮೆಟ್ಟಿಲು.
ತುದಿಯಲ್ಲಿ ಒಳ್ಳೆಯ ಬದುಕು, ಬುಡದಲ್ಲಿ ಕೆಟ್ಟದ್ದು.
ನೀನೆಲ್ಲಿದ್ದೀ, ಬೆರಳಿಡು.
ಏಣಿಗೂ ಮೇಲೆ, ಬರಿಯ ಬಿಳಿಯ ಮೇಲೆ ಇಟ್ಟೆ.
ನಕ್ಕು, ಒಂಬತ್ತು ಎಂದು ಬರೆದುಕೊಂಡಿರಿ.

ಹದಿನೈದರಲ್ಲಿ ಗಣಿತ ಕೈಕೊಟ್ಟಿತು.
ಮತ್ತೆ ಪರೀಕ್ಷೆಗೆ ಕೂರಲು ಅಪ್ಪ ಕೂಡಿಟ್ಟದ್ದು
ಚಿಕ್ಕಮ್ಮನ ಹೆರಿಗೆಗೆ ಹೋಯಿತು. ಕೂಸು ಉಳಿಯಿತು, ಅದಕ್ಕೆ ಬೇಸರವಿಲ್ಲ.
ನೀವು ಬಂದಾಗ ಶಿಯಾ ಬೀಜ ಆಯಲು ಹೊರಟಿದ್ದೆ.
ಓದುತ್ತಿದ್ದೀಯಾ, ದುಡಿಯುತ್ತಿದ್ದೀಯಾ? ಒಂದನ್ನು ಹೇಳು.
ಬೀಜ ಆಯುವುದು ಕೆಲಸವೇ, ನಾನೇ ಕೇಳಿದೆ.
ಮಾರಿದರೆ ಹೌದು, ಮನೆಗಾದರೆ ಅಲ್ಲ, ಅಂದಿರಿ.
ಅಜ್ಜಿಗೆ ಹೋಗಿ ಹೇಳಿದೆ.
ಅರವತ್ತು ವರ್ಷ ತಾನು ಸುಮ್ಮನೆ ಕೂತಿದ್ದೆನೆಂದು ತಿಳಿದು
ಅವಳು ಬಹಳ ಹೊತ್ತು ನಕ್ಕಳು.

ಹತ್ತೊಂಬತ್ತರಲ್ಲಿ ನಾನು ನಿಮಗೆ ಸಿಗಲಿಲ್ಲ.
ಸಿಗದವರಿಗೂ ನಿಮ್ಮಲ್ಲಿ ಒಂದು ಅಂಕೆ ಇದೆಯಂತೆ.
ಆ ಅಂಕೆ ಅಕ್ರಾದ ಸಂತೆಯಲ್ಲಿತ್ತು. ತಲೆಯ ಮೇಲೆ ಸಿಂಬಿ,
ಸಿಂಬಿಯ ಮೇಲೆ ಬೋಗುಣಿ, ಬೋಗುಣಿಯಲ್ಲಿ ಯಾರದೋ ಮನೆಯ
ಟೊಮೇಟೊ, ಒಣಮೀನು, ಒಮ್ಮೆ ಒಂದು ಹೊಲಿಗೆ ಯಂತ್ರ.
ಅದನ್ನು ಹೊತ್ತ ಮೇಲೆ ಮೂರು ದಿನ ಕತ್ತು ತಿರುಗಲಿಲ್ಲ.
ಆದರೆ ಹೆಜ್ಜೆಗೊಮ್ಮೆ ಅದರ ಚಕ್ರ ನೆತ್ತಿಯ ಮೇಲೆ ಟಿಕ್ಕೆನ್ನುತ್ತಿತ್ತು,
ಆ ಸದ್ದು ಇಳಿಸಿದ ಮೇಲೂ ಇಳಿಯಲಿಲ್ಲ.
ರಾತ್ರಿ ಅಂಗಡಿಯ ಕಟ್ಟೆಯ ಮೇಲೆ ಹನ್ನೊಂದು ಹುಡುಗಿಯರು, ಒಬ್ಬಳ ಕೂಸು.
ರಹಿನಾತು ಇನ್ನೂ ಅಲ್ಲೇ ಇದ್ದಾಳೆ, ಅವಳೂ ನಿಮ್ಮ ಪಟ್ಟಿಯವಳೇ.
ವಿಳಾಸ ಬರೆದುಕೊಳ್ಳಿ:
ಯಾಮ್ ಗೆಡ್ಡೆಯ ಮೂರನೆಯ ಸಾಲು, ಬೆಳಗಿನ ಲಾರಿ ಬರುವ ಮುಂಚೆ.

ಈಗ ಇಪ್ಪತ್ತೆರಡು.
ಕಳೆದ ವಾರ ಒಂದು ಗಂಟೆಯಾದರೂ ಸಂಪಾದನೆಗೆ ದುಡಿದಿದ್ದೀಯಾ?
ಎರಡು ಶಾಲೆಯಂಗಿ ಹೊಲಿದೆ. ಒಂದಕ್ಕೆ ಹಣ ಬಂತು, ಒಂದಕ್ಕೆ ಕೋಳಿ.
ಕೋಳಿಗೆ ಕಲಮು ಇಲ್ಲವೇ? ಇರಲಿ, ಇತರೆ ಎಂದು ಹಾಕಿ.
ಗಂಡ? ಕೇಳಿಕೊಂಡು ಬರುತ್ತಿದ್ದಾರೆ. ಉಳಿತಾಯ? ಆ ಕೋಳಿಯೇ.
ನೀನು ದೊಡ್ಡವಳಾದೆ ಅನಿಸುತ್ತದೆಯೇ?
ಇದು ಹೊಸ ಪ್ರಶ್ನೆ, ಹೋದ ಸಲ ಇರಲಿಲ್ಲ.
ನಿಮಗೆ ಯಾವಾಗ ಅನಿಸಿತು, ಯಕುಬಣ್ಣ?
ಮೂರು ಮೂರು ತಿಂಗಳ ಕರಾರಿನ ಮೇಲೆ ಹದಿನಾಲ್ಕು ವರ್ಷ
ಈ ಬೈಕು ಓಡಿಸಿದ್ದೀರಿ, ಗಡ್ಡಕ್ಕೆ ಬಿಳಿ ಬಂತು.
ನಿಮ್ಮನ್ನು ಗೋಡೆಗೆ ನಿಲ್ಲಿಸಲು ಯಾರು ಬರುತ್ತಾರೆ?

ಸುಮ್ಮನಾದಿರಿ. ತಗೊಳ್ಳಿ, ನೀರು.
ತೋರಿಸಿ ಏಣಿಯನ್ನು. ಗಾಜಿನೊಳಗೆ ಹೋಗಿ ಕೂತಿದೆಯಲ್ಲ ಈಗ.
ತಾಳಿ, ಕೈಯೆಲ್ಲ ಯಂತ್ರದ ಎಣ್ಣೆ, ಒರೆಸಿಕೊಳ್ಳುತ್ತೇನೆ.
ನಾಲ್ಕೋ, ಐದೋ.
ಎರಡರ ನಡುವೆ ಇಟ್ಟೆ ನೋಡಿ,
ತೆಗೆದುಕೊಳ್ಳುತ್ತಿಲ್ಲ.